ನೋವೇ ಇಲ್ಲದ ಹಲ್ಲಿಗೂ ಕ್ಯಾಪ್ ಬೇಕಾ?

ಪ್ರಶ್ನೆ: ಊಟ ಮಾಡುವಾಗ ನನ್ನ ದವಡೆ ಹಲ್ಲಿನ ಒಂದು ಮೂಲೆ ಮುರಿಯಿತು. ಅದರಲ್ಲಿ ಮೊದಲೇ ದೊಡ್ಡ ಫಿಲ್ಲಿಂಗ್ ಇತ್ತು. ನೋವಿಲ್ಲ, ಆದರೂ ಡಾಕ್ಟರ್ ಕ್ಯಾಪ್ ಹಾಕಿಸಿ ಅಂತಾರೆ. ಮತ್ತೆ ಫಿಲ್ಲಿಂಗ್ ಮಾಡಿಸಿದರೆ ಸಾಲದಾ?

ಉತ್ತರ: ನೋವಿನ ಮೇಲೆ ಲೆಕ್ಕ ಹಾಕಬೇಡಿ. ಗಟ್ಟಿಯಾದ ಹಲ್ಲು ಎಷ್ಟು ಉಳಿದಿದೆ ಅನ್ನೋದನ್ನ ನೋಡಬೇಕು. ಚೂರು ಮಾತ್ರ ಹೋಗಿದ್ದರೆ ಫಿಲ್ಲಿಂಗ್ ಧಾರಾಳವಾಗಿ ಸಾಕು. ಆದರೆ ನಡುವೆ ದೊಡ್ಡ ಫಿಲ್ಲಿಂಗ್, ಸುತ್ತ ತೆಳು ಗೋಡೆ ಅಂತಾದರೆ ಅಗಿದಾಗಲೆಲ್ಲ ಆ ಗೋಡೆಗಳು ಚೂರು ಚೂರೇ ಹೊರಕ್ಕೆ ಬಾಗುತ್ತವೆ, ಕೊನೆಗೊಂದು ದಿನ ಬಿರುಕು ಬೇರಿಗೇ ಇಳಿದರೆ ಹಲ್ಲು ಕೀಳಿಸದೆ ಬೇರೆ ದಾರಿ ಇರೋದಿಲ್ಲ. ಕ್ಯಾಪ್ ಆ ಗೋಡೆಗಳನ್ನು ಸುತ್ತಲಿಂದ ಹಿಡಿದಿಡುತ್ತದೆ, ಅಷ್ಟೇ ಅದರ ಕೆಲಸ.

ಇನ್ನೊಂದು ಗುರುತು: ಕಚ್ಚಿ ಬಿಟ್ಟ ಕ್ಷಣದಲ್ಲಿ ಚುಳ್ ಅನ್ನುತ್ತಾ? ಹಾಗಿದ್ದರೆ ಬಿರುಕಿನ ಅನುಮಾನ ಜಾಸ್ತಿ, ತಡಮಾಡಬೇಡಿ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೂ ಸಾಮಾನ್ಯವಾಗಿ ಕ್ಯಾಪ್ ಬೇಕು. ಬಾಯಿಯ ಮುಂಭಾಗದ ಹಲ್ಲಿಗೆ ಎಲ್ಲ ಸಲವೂ ಬೇಕಿಲ್ಲ.

ಹಾಗಂತ ಸುಮ್ನೆ ಒಪ್ಪಿಕೊಳ್ಳಲೂಬೇಡಿ. ಕ್ಯಾಪ್ ಕೂರಿಸಲು ಸುತ್ತಲೂ 1ರಿಂದ 2 ಮಿಲಿಮೀಟರ್‌ನಷ್ಟು ಹಲ್ಲನ್ನು ತೇಯಬೇಕು, ತೇದದ್ದು ವಾಪಸ್ ಬರೋದಿಲ್ಲ ಅಲ್ವಾ? ಎಕ್ಸ್‌ರೇ ತೋರಿಸಿ ಅಂತ ಡಾಕ್ಟರನ್ನೇ ಕೇಳಿ, ಮುರಿದ ಭಾಗವನ್ನಷ್ಟೇ ಮುಚ್ಚುವ ಆನ್‌ಲೇ ಆಗುತ್ತಾ ಅಂತಲೂ ಕೇಳಿ. ಗೋಡೆ ಗಟ್ಟಿ ಇದ್ದರೆ ನಾನಂತೂ ಅದನ್ನೇ ಆರಿಸುತ್ತೇನೆ. ಹಾಂ, ಕ್ಯಾಪ್ ಹಾಕಿಸಿದರೂ ಒಸಡಿನ ಅಂಚಲ್ಲಿ ಹುಳುಕು ಹಿಡಿಯಬಹುದು, ಬ್ರಷ್ ಬಿಡುವಂತಿಲ್ಲ.