ಲೈಸೆನ್ಸಿನ ಬಗ್ಗೆ ಕೇಳಿದ ಶಿವಮೊಗ್ಗದ ತಂಗಿಗೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್‌ಗೆ ಬಂದು ಎರಡು ತಿಂಗಳಾಯಿತು, ಯಜಮಾನರ ಎಚ್‌-1ಬಿ ಎಂಬ ಕೆಲಸದ ವೀಸಾದ ವಿಸ್ತರಣೆಯ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ, ಅವರ ಪತ್ನಿಯಾಗಿ ಎಚ್‌-4 ವೀಸಾದಲ್ಲಿರುವ ನನಗೆ ಈಗ ಕಾರು ಓಡಿಸುವ ಲೈಸೆನ್ಸ್ ಸಿಗುತ್ತದೆಯೇ ಎಂದು ಬರೆದಿದ್ದೀರಿ. ಚಳಿ, ತರಕಾರಿಗಳ ಬಗೆಗೂ ಕೇಳಿದ್ದೀರಿ. ತರಕಾರಿಗೆ ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರಸ್ತೆಯಿದೆ. ಚಳಿಗೆ ಒಳ್ಳೆಯ ಬೂಟು ಕೊಳ್ಳಿ.

ಲೈಸೆನ್ಸಿನ ವಿಷಯ ಹಾಗೆ ಮುಗಿಯುವುದಿಲ್ಲ. ನಾವು ನ್ಯೂಜೆರ್ಸಿಗೆ ಬಂದದ್ದು 2004ರ ಜನವರಿಯಲ್ಲಿ. ಆಗ ವೀಸಾದ ಅವಧಿ ಮುಗಿಯುವ ದಿನವೇ ಲೈಸೆನ್ಸಿನ ಅವಧಿಯೂ ಮುಗಿಯುತ್ತಿತ್ತು. ಮೂರು ವರ್ಷದ ನಂತರ ವಿಸ್ತರಣೆ ತಡವಾದಾಗ, ನಮ್ಮವರು 240 ದಿನ ಕೆಲಸ ಮುಂದುವರಿಸಲು ಕಾನೂನಿನ ಅಡ್ಡಿಯಿರಲಿಲ್ಲ. ಆ ಕೆಲಸಕ್ಕೆ ಕಾರಿನಲ್ಲಿ ಹೋಗುವ ಹಕ್ಕು ಮಾತ್ರ ಇರಲಿಲ್ಲ. ಏಳು ವಾರ ಮಗನನ್ನು ಶಾಲೆಗೆ ನಡೆಸಿಕೊಂಡು ಹೋದೆ. ಪಾದಚಾರಿ ದಾರಿಯಿಲ್ಲದ ತಿರುವಿನಲ್ಲಿ ಲಾರಿಯೊಂದು ಎರಚಿದ ಕೆಸರುಹಿಮ ಅವನ ಟೊಪ್ಪಿಗೆಯೊಳಗೆ ಇಳಿದಿತ್ತು. ಅವನು ಅಳಲಿಲ್ಲ, ನಾನು ಅತ್ತೆ.

ಇಷ್ಟು ಅನುಭವಿಸಿದವಳು 2019ರ ಯುಗಾದಿ ಕಾರ್ಯಕ್ರಮದಲ್ಲಿ ಮಾಡಿದ್ದೇನು ಗೊತ್ತೇ? ಸಭಾಂಗಣದ ಬಾಗಿಲಲ್ಲಿ ಕಾಲೇಜು ಹುಡುಗಿಯೊಬ್ಬಳು, ವೀಸಾ ಕಾಗದಗಳಿಲ್ಲದವರಿಗೂ ಲೈಸೆನ್ಸ್ ಕೊಡಬೇಕೆಂಬ ಮನವಿಗೆ ಸಹಿ ಕೇಳುತ್ತಿದ್ದಳು. ಲೈಸೆನ್ಸಿದ್ದರೆ ಅವರೂ ಪರೀಕ್ಷೆ ಬರೆಯುತ್ತಾರೆ, ವಿಮೆ ಮಾಡಿಸುತ್ತಾರೆ, ಮಗುವನ್ನು ಆಸ್ಪತ್ರೆಗೆ ಒಯ್ಯುವಾಗ ಪೊಲೀಸರಿಗೆ ಹೆದರಬೇಕಿಲ್ಲ ಎಂದು ವಿವರಿಸಿದಳು. ನನ್ನ ಕೈಯಲ್ಲಿ ಒಬ್ಬಟ್ಟಿನ ತಟ್ಟೆಯಿತ್ತು. "ನಾವು ಸಾಲಿನಲ್ಲಿ ನಿಂತು ಬಂದವರಮ್ಮ, ನಮಗೇಕೆ ಅದು" ಎಂದು ಒಳಗೆ ನಡೆದೆ. ಸಾಲಿನಲ್ಲಿ ನಿಂತೆವೆಂಬ ಹೆಮ್ಮೆ ನಮ್ಮವರಲ್ಲಿ ಬಹಳ. ನನ್ನಲ್ಲಂತೂ ಇನ್ನೂ ಪೂರ್ತಿ ಹೋಗಿಲ್ಲ.

ಅದೇ ವರ್ಷದ ಡಿಸೆಂಬರ್ 19ರಂದು ರಾಜ್ಯದ ಆಗಿನ ಗವರ್ನರ್ ಫಿಲ್ ಮರ್ಫಿ ಆ ಹುಡುಗಿ ಕೇಳಿದ್ದ ಕಾನೂನಿಗೆ ಸಹಿ ಹಾಕಿದರು, 2021ರ ಮೇ 1ರಿಂದ ಜಾರಿಗೆ ಬಂತು. ಈಗ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಇಲ್ಲಿ ಎರಡು ಬಗೆಯ ಲೈಸೆನ್ಸುಗಳಿವೆ, ವಿಮಾನ ಹತ್ತಲೂ ಗುರುತಾಗಿ ನಡೆಯುವ ರಿಯಲ್ ಐಡಿಗೆ ವೀಸಾ ದಾಖಲೆ ಬೇಕು, ಸ್ಟ್ಯಾಂಡರ್ಡ್‌ಗೆ ಗುರುತು ಮತ್ತು ವಿಳಾಸದ ಪುರಾವೆ ಸಾಕು, ವಲಸೆಯ ಸ್ಥಿತಿಯನ್ನು ತೋರಿಸಬೇಕಿಲ್ಲ. ನಿಮ್ಮಂಥವರಿಗೂ ತೆರೆದಿರುವ ಈ ದಾರಿಯನ್ನು ಮಾಡಿಸಿದವರು ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಹುಲ್ಲು ಕತ್ತರಿಸುವವರು, ಆ ಹುಡುಗಿಯಂಥವರು, ನಾನಲ್ಲ. ವಿಮಾನ ಹತ್ತುವಾಗ ಸ್ಟ್ಯಾಂಡರ್ಡ್ ಲೈಸೆನ್ಸನ್ನು ನೆಚ್ಚಬೇಡಿ, ಪಾಸ್‌ಪೋರ್ಟ್ ತೋರಿಸಿ.

ಎರಡು ಎಚ್ಚರಿಕೆಗಳಿವೆ. ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ಓದದೆ ಒಪ್ಪಬೇಡಿ. ನಾಗರಿಕರಲ್ಲದವರು ಹಾಗೆ ನೋಂದಾಯಿಸಿಕೊಂಡರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ಇನ್ನೊಂದು, ಮನೆಯ ಬಾಡಿಗೆ ಕರಾರು, ಬ್ಯಾಂಕು, ಕರೆಂಟು ಬಿಲ್ಲು ಎಲ್ಲವೂ ಯಜಮಾನರ ಹೆಸರಿನಲ್ಲೇ ಇರುವುದು ನಮ್ಮ ಮನೆಗಳ ಪದ್ಧತಿ, ಹಾಗಾಗಿ ವಿಳಾಸದ ಪುರಾವೆ ಕೇಳಿದಾಗ ಹೆಂಡತಿಯ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಈ ವಾರವೇ ಅವುಗಳಲ್ಲಿ ನಿಮ್ಮ ಹೆಸರನ್ನೂ ಸೇರಿಸಿ.

ಲಿಖಿತ ಪರೀಕ್ಷೆಯಲ್ಲಿ 50 ಪ್ರಶ್ನೆಗಳು, 40 ಸರಿಯಿರಬೇಕು. ಊರಿನ ಆರ್‌ಟಿಓ ಮುಂದಿನ ಏಜೆಂಟರ ಸಹವಾಸ ಇಲ್ಲಿಲ್ಲ, ನೀವೇ ಓದಬೇಕು. ಊರಿನ ಪರೀಕ್ಷೆಗೆ ಎಂಟು ಹಾಕಿದ ಅಭ್ಯಾಸವೂ ಇಲ್ಲಿನ ಪ್ಯಾರಲಲ್ ಪಾರ್ಕಿಂಗ್‌ಗೆ, ಅಂದರೆ ರಸ್ತೆಯಂಚಿನಲ್ಲಿ ಎರಡು ಕಾರುಗಳ ನಡುವೆ ಕಾರನ್ನು ನಿಲ್ಲಿಸುವುದಕ್ಕೆ, ಸಾಲದು. ಅದಕ್ಕೆ ಶನಿವಾರ ನಮ್ಮ ಮನೆಗೆ ಬನ್ನಿ, ಹಳೆಯ ಕಾರಿದೆ, ತಾಗಿದರೂ ಚಿಂತೆಯಿಲ್ಲ.