ಪದೇ ಪದೇ ಫ್ಯೂಸ್ ಹೋಗುವ ಹಳೇ ಪಿಕಪ್: ದೊಡ್ಡ ಫ್ಯೂಸ್ ಮದ್ದಲ್ಲ

ಪ್ರಶ್ನೆ: ನಮ್ಮದು ಹದಿನಾಲ್ಕು ವರ್ಷ ಹಳೆಯ ಡೀಸೆಲ್ ಪಿಕಪ್. ತೋಟಕ್ಕೆ ಗೊಬ್ಬರ ತರಲು, ಹಾಸನಕ್ಕೆ ಶುಂಠಿ ಸಾಗಿಸಲು ಇದೇ ಗಾಡಿ. ಮಳೆ ಹಿಡಿದಾಗಿನಿಂದ ಪಾರ್ಕಿಂಗ್ ಲೈಟಿನ 10 ಆಂಪ್ ಫ್ಯೂಸ್ ಹೋಗುತ್ತಲೇ ಇದೆ. ಹೊಸದು ಹಾಕಿದರೆ ಅಂಗಳದಲ್ಲಿ ನಿಂತಾಗ ಏನೂ ಆಗುವುದಿಲ್ಲ. ತೋಟದ ದಾರಿಯ ಗುಂಡಿ ಇಳಿದ ಕೂಡಲೇ ಹಿಂದಿನ ಲೈಟು, ಮೀಟರಿನ ಲೈಟು ಎರಡೂ ಆರುತ್ತವೆ. 30 ಆಂಪ್ ಹಾಕಿಬಿಡಿ ಎಂದು ಒಬ್ಬರು ಹೇಳಿದರು. ಹಾಕಬಹುದೇ?
— ಮೂಡಿಗೆರೆಯ ಓದುಗರು

ಉತ್ತರ: ಹಾಕಬೇಡಿ. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿ ಕೂರಿಸುವುದನ್ನಂತೂ ಮಾಡಲೇಬೇಡಿ.

ಮೊದಲು ಲೆಕ್ಕ ನೋಡಿ. ಪಾರ್ಕಿಂಗ್ ಬಲ್ಬುಗಳು ತಲಾ 5 ವ್ಯಾಟ್. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ಮೀಟರಿನ ಒಳಗೆ ಕೆಲವು ಸಣ್ಣವು. ಎಲ್ಲ ಸೇರಿದರೂ 35 ವ್ಯಾಟ್ ಆಸುಪಾಸು, ಅಂದರೆ 12 ವೋಲ್ಟಿಗೆ 3 ಆಂಪ್. ನಿಮ್ಮ 10 ಆಂಪ್ ಫ್ಯೂಸ್ ಅದರ ಮೂರು ಪಟ್ಟು ತಡೆಯುತ್ತದೆ. ಹಾಗಾಗಿ ಫ್ಯೂಸ್ ಚಿಕ್ಕದಾಯಿತು ಎಂಬ ಮಾತೇ ಬರುವುದಿಲ್ಲ. ಎಲ್ಲೋ ಒಂದು ಕಡೆ ಪಾಸಿಟಿವ್ ವೈರು ಗಾಡಿಯ ಕಬ್ಬಿಣಕ್ಕೆ ತಾಗುತ್ತಿದೆ. ಅಲ್ಲಿಗೆ 30 ಆಂಪ್ ಕೊಟ್ಟರೆ ಫ್ಯೂಸಿನ ಬದಲು ಸಣ್ಣ ವೈರೇ ಕಾದು ಕೆಂಪಾಗುತ್ತದೆ. ಅದೇ ಕಟ್ಟಿನಲ್ಲಿ ಬ್ರೇಕ್ ಲೈಟ್, ಇಂಡಿಕೇಟರ್, ಡೀಸೆಲ್ ಗೇಜಿನ ವೈರುಗಳೂ ಇರುತ್ತವೆ. ಒಂದರ ಪ್ಲಾಸ್ಟಿಕ್ ಕರಗಿದರೆ ಪಕ್ಕದವೂ ಒಂದಕ್ಕೊಂದು ಅಂಟಿ ಶಾರ್ಟ್ ಆಗುತ್ತವೆ. ಗಾಡಿಗೆ ಬೆಂಕಿ ಹತ್ತುವುದು ಹೀಗೆಯೇ.

ಹೋದ ಫ್ಯೂಸನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿ. ಒಳಗಿನ ತಗಡು ಸಿಡಿದು ಪ್ಲಾಸ್ಟಿಕ್ ಕಪ್ಪಾಗಿದ್ದರೆ ನೇರ ಶಾರ್ಟ್. ಕಪ್ಪಾಗದೆ ನಡುವೆ ಕರಗಿ ತುಂಡಾಗಿದ್ದರೆ ಲೋಡ್ ಸ್ವಲ್ಪ ಜಾಸ್ತಿ ಇತ್ತು ಎಂದರ್ಥ. ತಗಡು ಸರಿಯಿದ್ದು ಕಾಲುಗಳ ಬಳಿ ಪ್ಲಾಸ್ಟಿಕ್ ಕಂದಿದ್ದರೆ ಫ್ಯೂಸ್ ಬಾಕ್ಸಿನ ಹಿಡಿತ ಸಡಿಲವಾಗಿದೆ. ಗುಂಡಿ ಇಳಿದಾಗಲೇ ಹೋಗುತ್ತದೆ ಎಂದು ನೀವು ಬರೆದಿದ್ದೀರಿ, ಅದೇ ಅರ್ಧ ಉತ್ತರ. ಗಾಡಿ ಕುಲುಕಿದಾಗ ಅಲುಗುವ ವೈರು ಅಥವಾ ಹೋಲ್ಡರ್ ಹುಡುಕಬೇಕು.

ಹುಡುಕಲು ಫ್ಯೂಸ್ ಮೇಲೆ ಫ್ಯೂಸ್ ಸುಡಬೇಕಿಲ್ಲ. ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬು, ಒಂದು ಹೋಲ್ಡರ್, ಎರಡು ತುಂಡು ವೈರು, ತುದಿಗೆ ಚಪ್ಪಟೆ ಟರ್ಮಿನಲ್ ಸಾಕು. ಹೋದ ಫ್ಯೂಸ್ ಕಿತ್ತು ಆ ಎರಡು ಸಂದಿಗೆ ಇದನ್ನು ಸಿಕ್ಕಿಸಿ. ಎಂಥ ಶಾರ್ಟ್ ಇದ್ದರೂ ಈ ಬಲ್ಬು ಹೆಚ್ಚೆಂದರೆ 2 ಆಂಪ್ ಆಸುಪಾಸು ಬಿಡುತ್ತದೆ, ವೈರು ಕಾಯುವುದಿಲ್ಲ. ಆದರೆ ಮೊದಲು ಮುಂದಿನ, ಹಿಂದಿನ, ನಂಬರ್ ಪ್ಲೇಟಿನ ಬಲ್ಬುಗಳನ್ನೆಲ್ಲ ಕಳಚಿಡಿ. ಅನೇಕರು ಎಡವುವುದು ಇಲ್ಲೇ: ಬಲ್ಬುಗಳಿದ್ದರೆ ಅವುಗಳ ಮೂಲಕವೇ ಕರೆಂಟು ಹರಿದು ಟೆಸ್ಟ್ ಬಲ್ಬು ಹೊತ್ತಿಕೊಂಡು ದಾರಿ ತಪ್ಪಿಸುತ್ತದೆ. ಕಳಚಿದ ಮೇಲೆ ಪಾರ್ಕಿಂಗ್ ಸ್ವಿಚ್ ಹಾಕಿ. ಮೀಟರ್ ಲೈಟಿನಿಂದಾಗಿ ಬಲ್ಬು ಮಿಣುಕಿದರೆ ಚಿಂತೆಯಿಲ್ಲ. ಪೂರ್ತಿ ಉರಿದರೆ ಶಾರ್ಟ್ ಈಗಲೂ ಇದೆ. ಕ್ಯಾಬಿನ್ ಹಿಂದೆ ಚಾಸಿಗೆ ಹೋಗುವ ಕನೆಕ್ಟರ್ ಬಿಚ್ಚಿ. ಆರಿದರೆ ದೋಷ ಹಿಂದುಗಡೆ, ಆರದಿದ್ದರೆ ಮುಂದುಗಡೆ.

ನಿಮ್ಮದರಲ್ಲಿ ಬಹುಶಃ ಸ್ವಿಚ್ ಹಾಕಿದಾಗ ಏನೂ ಉರಿಯುವುದಿಲ್ಲ. ಆಗ ಒಬ್ಬರು ಬಲ್ಬು ನೋಡುತ್ತಿರಲಿ, ಇನ್ನೊಬ್ಬರು ಕ್ಯಾಬಿನ್ನಿನಿಂದ ಹಿಂದಿನ ಲೈಟಿನ ತನಕ ವೈರಿನ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲುಗಿಸುತ್ತ ಹೋಗಲಿ. ಬಲ್ಬು ಮಿಂಚಿದ ಕಡೆ ನಿಲ್ಲಿ. ಕ್ಯಾಬಿನ್ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಒಡೆದ ಜಾಗ, ಚಾಸಿಗೆ ವೈರು ಹಿಡಿದಿರುವ ಕಬ್ಬಿಣದ ಕ್ಲಿಪ್ಪುಗಳು, ಸ್ಪ್ರಿಂಗ್ ಪ್ಲೇಟಿನ ಮೇಲ್ಭಾಗ, ಸೈಲೆನ್ಸರ್ ಪಕ್ಕ, ಬಾಡಿ ಕಟ್ಟಿದವರು ಬೋಲ್ಟ್ ಬಿಗಿದ ಜಾಗ ಇವನ್ನು ಬಿಡದೆ ನೋಡಿ. ಆಮೇಲೆ ಸೈಡಿಗೆ ಹಾಕಿಸಿದ ಮಾರ್ಕರ್ ಲೈಟುಗಳ ಜೋಡಣೆ. ಬರೀ ತಿರುಚಿ ಟೇಪ್ ಸುತ್ತಿದ್ದರೆ ಮಲೆನಾಡಿನ ಮಳೆಗೆ ಆ ಟೇಪ್ ಬಿಚ್ಚಿಕೊಳ್ಳುತ್ತದೆ. ಮಳೆನೀರೊಂದರಿಂದಲೇ 10 ಆಂಪ್ ಫ್ಯೂಸ್ ಹೋಗುವುದು ಅಪರೂಪ. ನೀರು ಹೋಲ್ಡರಿಗೆ ತುಕ್ಕು ಹಿಡಿಸುತ್ತದೆ, ಒಳಗಿನ ತಗಡು ಜಾರಿ ಬಾಡಿಗೆ ತಾಗುತ್ತದೆ. ಎರಡು ಪಾಯಿಂಟಿನ ಹೋಲ್ಡರಿಗೆ ಒಂದೇ ಪಾಯಿಂಟಿನ ಬಲ್ಬನ್ನು ಒತ್ತಿ ಕೂರಿಸಿದ್ದಾರೆಯೇ ಎಂಬುದನ್ನೂ ನೋಡಿ. ಅದು ಬ್ರೇಕ್ ಮತ್ತು ಪಾರ್ಕಿಂಗ್ ವೈರುಗಳನ್ನು ಒಂದು ಮಾಡಿಬಿಡುತ್ತದೆ.

ದೋಷ ಸಿಕ್ಕಿತೇ? ಬ್ಯಾಟರಿಯ ನೆಗೆಟಿವ್ ಕಳಚಿ, ಸವೆದ ತುಂಡನ್ನು ಕತ್ತರಿಸಿ, ಅಷ್ಟೇ ದಪ್ಪದ ವೈರು ಬೆಸುಗೆ ಹಾಕಿ, ಹೀಟ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಮೇಲೆ ಸುಕ್ಕು ಪೈಪು ಹಾಕಿ, ಕಬ್ಬಿಣದ ಕ್ಲಿಪ್ಪಿನ ಅಡಿಗೆ ಹಳೇ ಟ್ಯೂಬಿನ ತುಂಡು ಇಡಿ. ಆಮೇಲೆ ಮತ್ತೆ 10 ಆಂಪಿನ ಕೆಂಪು ಫ್ಯೂಸೇ. ಸರಿಯಾಗುವ ತನಕ ರಾತ್ರಿ ಚಾರ್ಮಾಡಿ, ಶಿರಾಡಿ ಇಳಿಯಬೇಡಿ. ಮಂಜಿನಲ್ಲಿ ಹಿಂದಿನ ಲೈಟಿಲ್ಲದ ಗಾಡಿ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ: ಹೆಡ್‌ಲೈಟಿಗೆ 100/90 ವ್ಯಾಟ್ (ಹೈ ಬೀಮಿಗೆ 100, ಲೋ ಬೀಮಿಗೆ 90) ಬಲ್ಬು ಹಾಕಿಸಿದೆ. ಹೈ ಬೀಮ್ ಹಾಕಿ ಸ್ವಲ್ಪ ದೂರ ಹೋದರೆ 15 ಆಂಪ್ ಫ್ಯೂಸ್ ಹೋಗುತ್ತದೆ. ಎರಡೂ ಲೈಟಿಗೆ ಒಂದೇ ಫ್ಯೂಸ್.
— ಅರಸೀಕೆರೆಯ ಓದುಗರು

ಉತ್ತರ: ಇದು ಶಾರ್ಟ್ ಅಲ್ಲ, ಲೋಡ್. 60 ವ್ಯಾಟಿನ ಎರಡು ಬಲ್ಬಿಗೆ 10 ಆಂಪ್ ಸಾಕಿತ್ತು. 100 ವ್ಯಾಟಿನ ಎರಡಕ್ಕೆ ಸುಮಾರು 17 ಬೇಕು. ಮಿತಿಯನ್ನು ಸ್ವಲ್ಪವೇ ಮೀರಿದ್ದರಿಂದ ಫ್ಯೂಸ್ ಒಮ್ಮೆಲೇ ಹೋಗದೆ ನಿಧಾನವಾಗಿ ಕರಗುತ್ತದೆ. 60/55ಕ್ಕೆ ಮರಳುವುದು ಒಳ್ಳೆಯದು. ಬೆಳಕು ಸಾಲದಿದ್ದರೆ ಬ್ಯಾಟರಿಯಿಂದ 2.5 ಚದರ ಮಿ.ಮೀ. ವೈರು ಎಳೆದು, ಬ್ಯಾಟರಿ ಪಕ್ಕದಲ್ಲೇ ಅದಕ್ಕೊಂದು ಫ್ಯೂಸ್ ಇಟ್ಟು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಮೂಲಕ ಅದೇ 60/55 ಬಲ್ಬುಗಳಿಗೆ ಕೊಡಿಸಿ. ಹಳೇ ಸ್ವಿಚ್, ಹಳೇ ವೈರಿನಲ್ಲಿ ಕಳೆದುಹೋಗುತ್ತಿದ್ದ ವೋಲ್ಟೇಜ್ ಬಲ್ಬಿಗೆ ಸಿಗುತ್ತದೆ, ಬೆಳಕಿನ ವ್ಯತ್ಯಾಸ ಅಂದೇ ರಾತ್ರಿ ಕಾಣುತ್ತದೆ.