ಆದಾಯ ತೆರಿಗೆ ಪದ್ಧತಿಯನ್ನು ನಮ್ಮ ರಾಜಕಾರಣಿಗಳು ನಿಜಕ್ಕೂ ಸುಧಾರಿಸುತ್ತಾರಾ?

ವೋಟು ಕಳೆಯದ ಭಾಗವನ್ನು ಸುಧಾರಿಸುತ್ತಾರೆ. 2010ರಲ್ಲಿ ಲೋಕಸಭೆಗೆ ಬಂದ ನೇರ ತೆರಿಗೆ ಸಂಹಿತೆ ಮಸೂದೆ 2014ರಲ್ಲಿ ಸದನದ ಅವಧಿಯ ಜೊತೆಗೇ ಬಿದ್ದುಹೋಯಿತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಪಾಸಾಗಿದ್ದು, 2026ರ ಏಪ್ರಿಲ್ 1 ಅದರ ಜಾರಿ ದಿನಾಂಕ. 536 ಸೆಕ್ಷನ್, ಸರಳ ಭಾಷೆ, ಗಳಿಸಿದ ವರ್ಷ ಒಂದು, ತೆರಿಗೆ ಲೆಕ್ಕದ 'ಅಸೆಸ್‌ಮೆಂಟ್ ವರ್ಷ' ಇನ್ನೊಂದು ಎಂಬ ಗೊಂದಲದ ಬದಲು ಒಂದೇ 'ತೆರಿಗೆ ವರ್ಷ'. ಇದು ಒಳ್ಳೆಯ ಕೆಲಸವೇ. ಆದರೆ ಯಾರು ಎಷ್ಟು ಕಟ್ಟಬೇಕು ಎಂಬುದನ್ನು ಅದು ಹೆಚ್ಚೇನೂ ಮುಟ್ಟಿಲ್ಲ.

2025ರ ಬಜೆಟ್ಟಿನ '12 ಲಕ್ಷದವರೆಗೆ ತೆರಿಗೆ ಇಲ್ಲ' ನೋಡಿ. ತೆರಿಗೆ ಇಲ್ಲದ ಸ್ಲ್ಯಾಬ್ 4 ಲಕ್ಷದವರೆಗೆ ಮಾತ್ರ. ದರ ಕಡಿಮೆ, ವಿನಾಯಿತಿಗಳೂ ಕಡಿಮೆ ಇರುವ 'ಹೊಸ ಪದ್ಧತಿ'ಯಲ್ಲಿ 12 ಲಕ್ಷಕ್ಕೆ 60,000 ರೂಪಾಯಿ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಅದನ್ನು ರಿಬೇಟ್, ಅಂದರೆ ಲೆಕ್ಕ ಹಾಕಿದ ತೆರಿಗೆಯಲ್ಲೇ ಕೊಡುವ ರಿಯಾಯಿತಿ, ಹೊಡೆದುಹಾಕುತ್ತದೆ. ಲಿಸ್ಟೆಡ್ ಷೇರು ಮಾರಿದ ಅಲ್ಪಾವಧಿ ಲಾಭದ ಶೇ. 20 ತೆರಿಗೆಗೆ ಈ ರಿಬೇಟ್ ಇಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಕೃಷಿ ಆದಾಯದ ಮೇಲಿನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯಗಳ ಅಧಿಕಾರ. ದೊಡ್ಡ ಜಮೀನ್ದಾರರ ಮೇಲೆ ಹಾಕೋಣ ಎಂದು ಯಾವ ಪಕ್ಷ ಬಾಯಿಬಿಟ್ಟೀತು? ಇನ್ನು ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್, ಸರ್ಚಾರ್ಜ್‌ಗಳ ಹಣವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ, ಹಾಗಾಗಿ ಕೇಂದ್ರ ಅವನ್ನು ಸುಲಭಕ್ಕೆ ಬಿಡುವುದಿಲ್ಲ.